ಚಮ್ಲಿ: ಬರಹ ಉದ್ದ, ಉಚ್ಚಾರ ಗಿಡ್ಡ

ಇಂಗ್ಲಿಷಿನಲ್ಲಿ ಹನ್ನೆರಡು ಅಕ್ಷರಗಳಲ್ಲಿ ‘ಚೋಲ್ಮಂಡೆಲಿ’ ಎಂಬಂತೆ ಬರೆಯುವ ಮನೆತನದ ಹೆಸರೊಂದನ್ನು ‘ಚಮ್ಲಿ’ ಎಂದಷ್ಟೇ ಓದುತ್ತಾರೆ. ಹೆಸರಿನ ಮೂಲ ಇಂಗ್ಲೆಂಡಿನ ಚೆಷೈರ್ ಕೌಂಟಿಯ ಅದೇ ಹೆಸರಿನ ಹಳ್ಳಿ. 1086ರ ‘ಡೂಮ್ಸ್‌ಡೇ’ ಭೂದಾಖಲೆಯಲ್ಲೇ ಆ ಊರಿದೆ. ಚೆಯೊಲ್ಮುಂಡ್ ಎಂಬಾತನಿಗೆ ಸೇರಿದ, ಕಾಡಿನ ನಡುವಿನ ಬಯಲು ಎಂಬುದು ಅದರ ಅರ್ಥ. ಅಲ್ಲಿನ ಜಮೀನುದಾರರು ಊರಿನ ಹೆಸರನ್ನೇ ವಂಶಕ್ಕೆ ಇಟ್ಟುಕೊಂಡರು. ಕಾಲಕ್ರಮದಲ್ಲಿ ಆಡುಮಾತು ನಡುವಿನ ಅಕ್ಷರಗಳನ್ನು ನುಂಗಿಹಾಕಿತು. ಬರಹ ಮಾತ್ರ ಜಗ್ಗಲಿಲ್ಲ. ಸಿರಿವಂತ ಮನೆತನಗಳು ಹಳೆಯ ಕಾಗುಣಿತವನ್ನು ಆಸ್ತಿಯಂತೆಯೇ ಕಾಯುತ್ತವೆ! ಕೆಲವರು ಉಚ್ಚಾರಕ್ಕೆ ತಕ್ಕಂತೆ ಚಿಕ್ಕದಾಗಿಯೂ ಬರೆದುಕೊಂಡರು. ಹೆಸರಿನ ಜೊತೆ ಮನೆತನದ ಸಿರಿಯೂ ಬೆಳೆಯಿತು. ಬ್ರಿಟನ್ನಿನ ಮೊದಲ ಪ್ರಧಾನಿ ರಾಬರ್ಟ್ ವಾಲ್‌ಪೋಲ್ ನಾರ್ಫೋಕ್‌ನಲ್ಲಿ ಕಟ್ಟಿಸಿದ ಹೌಟನ್ ಹಾಲ್ ಬಂಗಲೆ, ಆತನ ಮಗಳ ಕಡೆಯ ಸಂಬಂಧದಿಂದ 1797ರಲ್ಲಿ ಈ ವಂಶದ ಕೈಸೇರಿತು. 1815ರಲ್ಲಿ ವಂಶದ ಹಿರಿಯನಿಗೆ ‘ಮಾರ್ಕ್ವೆಸ್’ ಎಂಬ ಕುಲೀನ ಪದವಿಯೂ ದಕ್ಕಿತು.