ಬೇಹುಗಾರರ ಲೋಕಕ್ಕೆ ಮೊದಲ ಬಾಗಿಲು ಯಾವುದು?

1943ರ ಏಪ್ರಿಲ್ 30. ಸ್ಪೇನಿನ ಹುಎಲ್ವಾ ಬಳಿ ಮೀನುಗಾರನೊಬ್ಬನಿಗೆ ಕಡಲಲ್ಲಿ ತೇಲುತ್ತಿದ್ದ ಶವವೊಂದು ಸಿಕ್ಕಿತು. ಮೈಮೇಲೆ ಬ್ರಿಟಿಷ್ ಅಧಿಕಾರಿಯ ಸಮವಸ್ತ್ರ. ಜೇಬಿನಲ್ಲಿ 'ಮೇಜರ್ ವಿಲಿಯಂ ಮಾರ್ಟಿನ್' ಎಂಬ ಗುರುತಿನ ಚೀಟಿ, ನಾಟಕದ ಟಿಕೆಟಿನ ಚೂರು, ಪ್ರೇಯಸಿಯ ಪತ್ರ, ಸಾಲದ ಬಗ್ಗೆ ಬ್ಯಾಂಕು ಬರೆದ ತಗಾದೆ. ಸರಪಳಿ ಹಾಕಿ ದೇಹಕ್ಕೆ ಬಿಗಿದಿದ್ದ ಚರ್ಮದ ಚೀಲದಲ್ಲಿ ಗುಟ್ಟಿನ ಕಾಗದಗಳು. ಮಿತ್ರಪಡೆಗಳು ಗ್ರೀಸ್ ಮತ್ತು ಸಾರ್ಡಿನಿಯಾದ ಮೇಲೆ ಎರಗಲಿವೆ ಎಂಬ ಸೂಚನೆ ಅವುಗಳಲ್ಲಿತ್ತು.

ಅಂಥ ಮೇಜರ್ ಇರಲೇ ಇಲ್ಲ. ಎಲ್ಲವೂ ಲಂಡನ್ನಿನಲ್ಲಿ ಹೆಣೆದ ನಾಟಕ. ಜರ್ಮನರು ನಂಬಿದರು, ಜುಲೈ 10ರಂದು ಮಿತ್ರಪಡೆಗಳು ಇಳಿದದ್ದು ಸಿಸಿಲಿಯಲ್ಲಿ.

ಬ್ರಿಟಿಷ್ ಪತ್ರಕರ್ತ ಬೆನ್ ಮ್ಯಾಕಿಂಟೈರ್ ಅವರ 'ಆಪರೇಷನ್ ಮಿನ್ಸ್‌ಮೀಟ್' (2010) ಹೇಳುವುದು ಈ ಕತೆಯನ್ನೇ. ಯುದ್ಧಕಾಲದ ಬೇಹುಗಾರಿಕೆಯ ಬಗ್ಗೆ ಅವರು ಹಲವು ಪುಸ್ತಕ ಬರೆದಿದ್ದಾರೆ. ಹೊಸದಾಗಿ ಓದುವವರು ಯಾವುದರಿಂದ ಆರಂಭಿಸಬೇಕು? ಇದೇ ಸರಿಯಾದ ಆರಂಭ. ಒಂದೇ ಸಂಚು, ಕೆಲವೇ ಪಾತ್ರಗಳು, ಸ್ಪಷ್ಟ ಮುಕ್ತಾಯ. ಸಂಚಿನ ರೂವಾರಿಗಳಲ್ಲೊಬ್ಬರಾದ ಇವೆನ್ ಮಾಂಟೆಗು 1953ರಲ್ಲೇ ಇದರ ಬಗ್ಗೆ ಬರೆದಿದ್ದರೂ ಬಹಳಷ್ಟನ್ನು ಮುಚ್ಚಿಟ್ಟಿದ್ದರು. ಮಾಂಟೆಗು ಮನೆಯಲ್ಲಿ ಉಳಿದಿದ್ದ ಪೆಟ್ಟಿಗೆಯೊಂದರ ಕಾಗದಪತ್ರಗಳು ಮ್ಯಾಕಿಂಟೈರ್ ಅವರಿಗೆ ಸಿಕ್ಕಿದ್ದು ಪುಸ್ತಕದ ದೊಡ್ಡ ಬಲ.

ಎರಡನೆಯದಾಗಿ 'ಏಜೆಂಟ್ ಜಿಗ್‌ಜಾಗ್' (2007). ನಾಯಕ ಎಡ್ಡಿ ಚಾಪ್‌ಮನ್, ತಿಜೋರಿ ಒಡೆಯುವ ಕಳ್ಳ. ಜರ್ಮನರು ಅವನಿಗೆ ತರಬೇತಿ ಕೊಟ್ಟು 1942ರ ಡಿಸೆಂಬರಿನಲ್ಲಿ ಪ್ಯಾರಾಚೂಟ್ ಮೂಲಕ ಇಂಗ್ಲೆಂಡಿನಲ್ಲಿ ಇಳಿಸಿದರು. ಅವನು ನೇರವಾಗಿ ಬ್ರಿಟಿಷರಿಗೆ ಶರಣಾದ. ವಿಮಾನ ಕಾರ್ಖಾನೆಯೊಂದು ಸ್ಫೋಟವಾದಂತೆ ಕಾಣುವ ಹಾಗೆ ಬಣ್ಣ, ಬಟ್ಟೆ, ಹಲಗೆಗಳಿಂದ ಬ್ರಿಟಿಷರು ನಾಟಕ ಹೂಡಿದರು. ಮೆಚ್ಚಿದ ಜರ್ಮನರು ಚಾಪ್‌ಮನ್‌ಗೆ ಐರನ್ ಕ್ರಾಸ್ ಪದಕವನ್ನೇ ಕೊಟ್ಟರು! ಕಳ್ಳನ ಮಾತನ್ನು ಸರ್ಕಾರ ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆ ಕೊನೆಯವರೆಗೂ ಕಾಡುತ್ತದೆ.

ಬಳಿಕ ಶೀತಲ ಸಮರಕ್ಕೆ ದಾಟಬಹುದು. 'ದಿ ಸ್ಪೈ ಅಂಡ್ ದಿ ಟ್ರೇಟರ್' (2018) ಬ್ರಿಟನ್ನಿಗೆ ಕೆಲಸ ಮಾಡಿದ ಕೆಜಿಬಿ ಅಧಿಕಾರಿ ಒಲೆಗ್ ಗೋರ್ಡಿಯೆವ್‌ಸ್ಕಿ ಅವರ ಕತೆ. 1985ರ ಜುಲೈನಲ್ಲಿ ಅವರು ಕಾರಿನ ಡಿಕ್ಕಿಯಲ್ಲಿ ಅಡಗಿ ಫಿನ್ಲೆಂಡ್ ಗಡಿ ದಾಟಿದರು. ತಪಾಸಣೆಯ ನಾಯಿಗಳ ಮೂಗು ತಪ್ಪಿಸಿದ್ದು, ಡಿಕ್ಕಿಯ ಮೇಲೆ ಮಗುವಿನ ಲಂಗೋಟಿ ಬದಲಿಸಿದ ತಾಯಿ. ಪತ್ತೇದಾರಿ ಕಾದಂಬರಿಯ ವೇಗ ಬೇಕೆನ್ನುವವರು ಇದರಿಂದಲೇ ಶುರುಮಾಡಿದರೂ ನಷ್ಟವಿಲ್ಲ.

ಕಿಮ್ ಫಿಲ್ಬಿಯ ಕುರಿತ 'ಎ ಸ್ಪೈ ಅಮಾಂಗ್ ಫ್ರೆಂಡ್ಸ್' (2014) ಕೊನೆಗಿರಲಿ. ನಮ್ಮ ಅಂಬಾಲದಲ್ಲಿ 1912ರಲ್ಲಿ ಹುಟ್ಟಿದ ಫಿಲ್ಬಿ ಬ್ರಿಟಿಷ್ ಗುಪ್ತಚರ ಇಲಾಖೆಯಲ್ಲಿದ್ದುಕೊಂಡೇ ಸೋವಿಯತ್ ಒಕ್ಕೂಟಕ್ಕೆ ದುಡಿದವನು. ಇಲ್ಲಿ ಸ್ಫೋಟಗಳಿಗಿಂತ ಸ್ನೇಹದ್ರೋಹ ಹೆಚ್ಚು. ಎಂಐ5 ದೇಶದೊಳಗಿನ ಭದ್ರತೆಗೆ, ಎಂಐ6 ಹೊರದೇಶಗಳ ಬೇಹುಗಾರಿಕೆಗೆ ಎಂಬ ಭೇದವೂ ಅವುಗಳ ಒಳಜಗಳವೂ ಪರಿಚಯವಾದ ಮೇಲೆ ಓದಿದರೆ ಅದರ ನೋವು ತಟ್ಟುತ್ತದೆ.

ಒಂದು ಎಚ್ಚರಿಕೆ: ಸುಳ್ಳು ಹೇಳುವುದೇ ಕಸುಬಾದವರ ಕತೆಗಳಿವು. ಅವರ ನೆನಪುಗಳನ್ನು ಕಡತಗಳ ಜತೆ ಹೋಲಿಸಿಯೇ ನೋಡಬೇಕು. ಮ್ಯಾಕಿಂಟೈರ್ ರಂಜಿಸುವ ಬರಹಗಾರ. ನಗು, ಸಾಹಸಗಳ ನಡುವೆ ಯಾರು ಬೆಲೆ ತೆತ್ತರು ಎಂಬುದನ್ನು ಓದುಗ ಮರೆಯಬಾರದು.

ಹುಎಲ್ವಾದ ಆ ಶವ ಯಾರದು? ವೇಲ್ಸ್‌ನ ಗ್ಲಿಂಡರ್ ಮೈಕೆಲ್ ಎಂಬ ನಿರ್ಗತಿಕನದು. ಇಲಿಪಾಷಾಣ ಹೊಟ್ಟೆಗೆ ಹೋಗಿ 1943ರ ಜನವರಿಯಲ್ಲಿ ಲಂಡನ್ನಿನಲ್ಲಿ ಸತ್ತಾಗ ಅವನಿಗೆ 34 ವರ್ಷ. ಅವನ ಒಪ್ಪಿಗೆ ಕೇಳುವ ಪ್ರಶ್ನೆಯೇ ಇರಲಿಲ್ಲ. ಬದುಕಿದ್ದಾಗ ಯಾರಿಗೂ ಬೇಡವಾದವನು ಸತ್ತ ಮೇಲೆ ಸಾವಿರಾರು ಸೈನಿಕರ ಪ್ರಾಣ ಉಳಿಸಲು ನೆರವಾದ. ಹುಎಲ್ವಾದ ಸಮಾಧಿಯ ಕಲ್ಲಿನ ಮೇಲೆ ಅವನ ನಿಜನಾಮ ಸೇರಿದ್ದು 1998ರಲ್ಲಿ. ಆ ಹೆಸರಿನಿಂದ ಓದು ಆರಂಭವಾಗುವುದು ನ್ಯಾಯವೂ ಹೌದು.