ದಾನಾರ್ಥ ಸೈಕಲ್ ಯಾತ್ರೆ: ಮೊದಲ ಸಲ ಹೊರಡುವವರಿಗೆ

ಸೈಕಲ್ ಎಂದೊಡನೆ ನಮ್ಮ ವಯಸ್ಸಿನವರಿಗೆ ನೆನಪಾಗುವುದು ಊರಿನ ಬಾಡಿಗೆ ಸೈಕಲ್ ಅಂಗಡಿ. ಗಂಟೆಯ ಲೆಕ್ಕದಲ್ಲಿ ಸೈಕಲ್ ಪಡೆದು, ಸೀಟಿನ ಮೇಲೆ ಕುಳಿತರೆ ಕಾಲು ಎಟುಕದೆ, ಚೌಕಟ್ಟಿನ ನಡುವೆ ಕಾಲು ತೂರಿಸಿ ತುಳಿದು, ಮೊಣಕಾಲು ತರಚಿಕೊಂಡು ಮನೆಗೆ ಬಂದವರು ನಾವು. ಉದ್ಯೋಗ ನಿಮಿತ್ತ ದೆಹಲಿಗೆ ಬಂದ ಮೇಲೆ ಸೈಕಲ್ ಹೋಗಿ ಸ್ಕೂಟರ್ ಬಂದಿತು, ಸ್ಕೂಟರ್ ಹೋಗಿ ಕಾರು ಬಂದಿತು. ಕಾರಿನೊಡನೆ ಹೊಟ್ಟೆಯೂ ಬಂದಿತು. ಇಂತಹ ನಾವು ಐದಾರು ಮಂದಿ ರಾಮಕೃಷ್ಣಪುರದಿಂದ ಮಥುರೆಯವರೆಗೆ ಸೈಕಲ್ ತುಳಿಯಲು ನಿಶ್ಚಯಿಸಿದುದಕ್ಕೆ ಒಂದು ಕಾರಣವಿತ್ತು.

ರಾಯಚೂರು, ಯಾದಗಿರಿ, ಕಲಬುರಗಿಗಳ ಕಡೆಯಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಏಮ್ಸ್ ಆಸ್ಪತ್ರೆಗೆ ಬರುವ ರೋಗಿಗಳನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. 1956ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯಲ್ಲಿ ಚಿಕಿತ್ಸೆಯ ವೆಚ್ಚ ಕಡಿಮೆ. ಆದರೆ ತಪಾಸಣೆಯ ಸರದಿ ಬರುವವರೆಗೆ ತಂಗುವುದೆಲ್ಲಿ? ಹೊರಗಿನ ಕಾಲುದಾರಿಯಲ್ಲಿ ಕಂಬಳಿ ಹೊದ್ದು ಮಲಗಿದವರ ನಡುವೆ ಕನ್ನಡದ ಮಾತು ಕಿವಿಗೆ ಬಿದ್ದಾಗ ಮನಸ್ಸು ಕಲಕುತ್ತದೆ. ಅಂಥವರ ವಸತಿ ಮತ್ತು ಊಟಕ್ಕೆ ಹಣ ಕೂಡಿಸುವುದು ನಮ್ಮ ಉದ್ದೇಶ. ನಾವು ತುಳಿಯುವ ಪ್ರತಿ ಕಿಲೋಮೀಟರಿಗೆ ಇಷ್ಟು ರೂಪಾಯಿಯೆಂದು ಮಿತ್ರರು, ಸಹೋದ್ಯೋಗಿಗಳು ಮಾತು ಕೊಡುವುದು ಇದರ ಕ್ರಮ. ಇದು ನಮ್ಮ ಕಲ್ಪನೆಯೇನೂ ಅಲ್ಲ. 1980ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ಪ್ರಾಂತದಲ್ಲಿ 36 ಮಂದಿ ಸವಾರರು ಹೀಗೆಯೇ ಹೊರಟು ಕ್ಯಾನ್ಸರ್ ಸಂಶೋಧನೆಗಾಗಿ ಹತ್ತು ಸಾವಿರ ಡಾಲರಿಗೂ ಮಿಕ್ಕಿ ಸಂಗ್ರಹಿಸಿದರು. ಆ ಯಾತ್ರೆ ಬೆಳೆದು ಇಂದು ಜಗತ್ಪ್ರಸಿದ್ಧವಾಗಿದೆ.

ನಮ್ಮ ಮೊದಲ ಪ್ರಯತ್ನವಾದರೋ ಪಲ್ವಲ್ ದಾಟಿದ ಸ್ವಲ್ಪ ಹೊತ್ತಿನಲ್ಲೇ ಮುಗಿಯಿತು. ಪಲ್ವಲ್ ಎಂದರೆ ದೆಹಲಿಯಿಂದ ಸುಮಾರು 60 ಕಿಲೋಮೀಟರು. ಮಥುರೆಗೆ ಸುಮಾರು 150. ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದು ಹೊರಟ ನನಗೆ ಮೂರು ಗಂಟೆಗಳ ನಂತರ ಇದ್ದಕ್ಕಿದ್ದಂತೆ ಕಾಲುಗಳು ಸೀಸದಂತಾದವು, ತಣ್ಣನೆಯ ಬೆವರು ಬಂದಿತು, ಮಾತು ತೊದಲಿತು. ಸೈಕಲನ್ನೂ ನನ್ನನ್ನೂ ಒಂದೇ ಟೆಂಪೋದಲ್ಲಿ ಹೇರಿಕೊಂಡು ಮನೆಗೆ ತಂದರು. ಹಣ ಕೊಡುತ್ತೇವೆಂದವರ ಮುಂದೆ ತಲೆ ತಗ್ಗಿಸಬೇಕಾಯಿತು.

ಆದುದೇನು? ನಮ್ಮ ದೇಹವು ಶರ್ಕರಪಿಷ್ಟವನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಕೂಡಿಡುತ್ತದೆ. ಈ ದಾಸ್ತಾನು ಒಟ್ಟು 400ರಿಂದ 500 ಗ್ರಾಂ ಮಾತ್ರ. ಬಿರುಸಾಗಿ ತುಳಿದರೆ ಎರಡು ಮೂರು ಗಂಟೆಗಳಲ್ಲಿ ಅದು ಬರಿದಾಗುತ್ತದೆ. ಕೊಬ್ಬು ಎಷ್ಟೇ ಇರಲಿ, ಅದರಿಂದ ಅಷ್ಟು ಬೇಗ ಶಕ್ತಿ ದೊರೆಯದು. ಆದುದರಿಂದ ಹಸಿವಾಗುವ ಮುನ್ನವೇ, ಪ್ರತಿ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಹೊಟ್ಟೆಗೆ ಬೀಳುತ್ತಿರಬೇಕು. ಇದಕ್ಕೆ ಪರದೇಶದ ಪೊಟ್ಟಣಗಳೇ ಆಗಬೇಕೆಂದಿಲ್ಲ. ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಕಡಲೆಕಾಯಿ ಚಿಕ್ಕಿ, ಬೆಲ್ಲದ ಅವಲಕ್ಕಿ, ಒಂದು ತುಂಡು ಸಜ್ಜಿಗೆ ಇವೆಲ್ಲ ಒಳ್ಳೆಯವೇ. ಹೆದ್ದಾರಿ ಢಾಬಾದ ಬೆಣ್ಣೆ ಸುರಿದ ಪರಾಠ ಮಾತ್ರ ನಡುದಾರಿಯಲ್ಲಿ ಬೇಡ, ಜೀರ್ಣವಾಗುವುದು ನಿಧಾನ. ಅದು ಯಾತ್ರೆ ಮುಗಿದ ಮೇಲಿನ ಬಹುಮಾನವಾಗಿರಲಿ.

ನೀರಿನ ವಿಷಯದಲ್ಲಿಯೂ ಎಚ್ಚರ ಬೇಕು. ಗಂಟೆಗೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರು ಸಾಮಾನ್ಯವಾಗಿ ಸಾಕು. ಬೆವರಿನೊಡನೆ ಉಪ್ಪೂ ಹೋಗುವುದರಿಂದ ಬರಿಯ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಕುಗ್ಗಿ, ತಲೆನೋವು, ವಾಂತಿ, ಮರುಳು ಉಂಟಾಗಬಹುದು. ಒಂದು ಲೀಟರು ಶುದ್ಧ ನೀರಿಗೆ ಆರು ಮಟ್ಟಸ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ, ಬೇಕಾದರೆ ನಿಂಬೆ ಹಿಂಡಿಕೊಳ್ಳಿರಿ. ಉಪ್ಪು ಹಾಕಿದ ನೀರುಮಜ್ಜಿಗೆಯೂ ಯೋಗ್ಯವೇ.

ಇವೆಲ್ಲಕ್ಕಿಂತ ಮೊದಲು ಆಗಬೇಕಾದುದು ವೈದ್ಯಕೀಯ ಪರೀಕ್ಷೆ. ನಮ್ಮ ತಂಡದ ಹಿರಿಯರೊಬ್ಬರು ಎರಡನೆಯ ಪ್ರಯತ್ನಕ್ಕೆ ಮುನ್ನ, ಪತ್ನಿಯ ಒತ್ತಾಯಕ್ಕೆ ಮಣಿದು ಹೃದಯ ಪರೀಕ್ಷೆಗೆ ಹೋದರು. ಯಾವ ತೊಂದರೆಯೂ ಇಲ್ಲವೆಂದೇ ಅವರ ನಂಬಿಕೆ; ಮೆಟ್ಟಿಲೇರುವಾಗ ಬರುವ ಎದೆಯ ಬಿಗಿತವನ್ನು ವಾಯುವೆಂದು ತಳ್ಳಿಹಾಕಿದ್ದರು. ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ದೋಷ ಕಂಡುಬಂದು, ಮುಂದಿನ ವಾರವೇ ರಕ್ತನಾಳಕ್ಕೆ ಸ್ಟೆಂಟ್ ಹಾಕಬೇಕಾಯಿತು. ಅಭ್ಯಾಸವಿಲ್ಲದ ದೇಹಕ್ಕೆ ಹಠಾತ್ತನೆ ತೀವ್ರ ಶ್ರಮ ಕೊಟ್ಟಾಗಲೇ ಹೃದಯಾಘಾತದ ಸಂಭವ ಹೆಚ್ಚು. ಆದುದರಿಂದ ನಲವತ್ತು ದಾಟಿದವರು, ಧೂಮಪಾನಿಗಳು, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆಯುಳ್ಳವರು, ಮನೆತನದಲ್ಲಿ ಹೃದ್ರೋಗವಿರುವವರು ವೈದ್ಯರ ಒಪ್ಪಿಗೆಯಿಲ್ಲದೆ ಹೊರಡತಕ್ಕದ್ದಲ್ಲ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡಿನಂತಹ ಮಾತ್ರೆ ಸೇವಿಸುವವರಿಗೆ ದೀರ್ಘ ಶ್ರಮದಲ್ಲಿ ಸಕ್ಕರೆ ಅಪಾಯಕರವಾಗಿ ಇಳಿಯಬಹುದು; ಅಂದಿನ ಪ್ರಮಾಣವನ್ನು ವೈದ್ಯರಿಂದಲೇ ಕೇಳಿಕೊಳ್ಳಬೇಕು.

ಇನ್ನು ಅಭ್ಯಾಸ. ಹನ್ನೆರಡು ವಾರಗಳಾದರೂ ಬೇಕು. ವಾರದಲ್ಲಿ ಎರಡು ದಿನ ಮುಕ್ಕಾಲು ಗಂಟೆ, ಭಾನುವಾರ ಒಂದು ದೀರ್ಘ ಸವಾರಿ. ನಾವು ಮೊದಲಿಗೆ ಶಾಂತಿಪಥದ ಮೂಲಕ ಇಂಡಿಯಾ ಗೇಟಿಗೆ ಹೋಗಿ ಬರುತ್ತಿದ್ದೆವು. ಅನಂತರ ಅರಾವಳಿಯ ಏರಿಳಿತವಿರುವ ಗುರುಗ್ರಾಮ–ಫರೀದಾಬಾದ್ ರಸ್ತೆ, ಕೊನೆಗೆ ಮುರ್ಥಲ್‌ವರೆಗೆ ಹೋಗಿ ಬರುವ ನೂರು ಕಿಲೋಮೀಟರು. ವಾರದಿಂದ ವಾರಕ್ಕೆ ದೂರವನ್ನು ಹತ್ತರಲ್ಲೊಂದು ಪಾಲಿನಷ್ಟು ಮಾತ್ರ ಹೆಚ್ಚಿಸುತ್ತ ಹೋಗಬೇಕು. ಗುರಿಯ ಮೂರನೆಯ ಎರಡು ಭಾಗವನ್ನು ಒಮ್ಮೆ ನಿರಾಯಾಸವಾಗಿ ತುಳಿದವರು ಪೂರ್ತಿ ದೂರವನ್ನೂ ಕ್ರಮಿಸಬಲ್ಲರು. ಕೊನೆಯ ವಾರ ವಿಶ್ರಾಂತಿಗೆ ಮೀಸಲು.

ಆದರೆ ನಮ್ಮ ರಾಜಧಾನಿಯಲ್ಲಿ ಒಂದು ವಿಚಿತ್ರ ಸಂಕಟವಿದೆ. ಹೊರಡಲು ಹಿತವಾದ ಕಾಲ ಫೆಬ್ರವರಿ ಕೊನೆ, ಮಾರ್ಚ್ ಆರಂಭ. ಅದಕ್ಕೆ ಅಭ್ಯಾಸ ನಡೆಯಬೇಕಾದ ತಿಂಗಳುಗಳಲ್ಲಿ ಇಲ್ಲಿನ ಗಾಳಿ ಉಸಿರಾಡಲು ಯೋಗ್ಯವಲ್ಲ. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಆರೆಂಟು ಲೀಟರು ಗಾಳಿ ಎಳೆದುಕೊಳ್ಳುವ ನಾವು ಸೈಕಲ್ ತುಳಿಯುವಾಗ ನಲವತ್ತು ಐವತ್ತು ಲೀಟರು ಎಳೆದುಕೊಳ್ಳುತ್ತೇವೆ, ಅದೂ ಬಾಯಿಯ ಮೂಲಕ. ಧೂಳಿನ ಪಾಲೂ ಅದೇ ಲೆಕ್ಕದಲ್ಲಿ ಏರುತ್ತದೆ. ವಾಯು ಗುಣಮಟ್ಟದ ಸೂಚ್ಯಂಕವು 200 ಮೀರಿತೆಂದರೆ 'ಕಳಪೆ' ಎಂದರ್ಥ. ಅಂತಹ ದಿನ ಸೈಕಲನ್ನು ಮನೆಯೊಳಗೆ ಸ್ಟ್ಯಾಂಡಿಗೆ ಏರಿಸಿ ತುಳಿಯುವುದೇ ಜಾಣತನ. ಅದಿಲ್ಲದವರಿಗೆ ವ್ಯಾಯಾಮಶಾಲೆಯ ಸ್ಥಿರ ಸೈಕಲ್ ಇದೆ. ಬಟ್ಟೆಯ ಮುಖಗವಸು ಈ ಸೂಕ್ಷ್ಮ ಕಣಗಳನ್ನು ತಡೆಯಲಾರದು. ಮುಂಜಾನೆಯ ಗಾಳಿ ಶುದ್ಧವೆಂಬ ನಮ್ಮ ಊರಿನ ನಂಬಿಕೆಯೂ ಇಲ್ಲಿನ ಚಳಿಗಾಲದಲ್ಲಿ ಸಲ್ಲದು. ಆಗ ಹೊಗೆ ನೆಲಕ್ಕೇ ಅಂಟಿಕೊಂಡಿರುತ್ತದೆ. ಮಂಜು ಕವಿದ ಹೆದ್ದಾರಿಗಂತೂ ಇಳಿಯಲೇಬಾರದು.

ಸೈಕಲ್ ಬೆಲೆಬಾಳುವುದಾಗಿರಬೇಕಿಲ್ಲ, ದೇಹಕ್ಕೆ ಹೊಂದಬೇಕು. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟಾಗ ಕಾಲು ನೆಟ್ಟಗಾಗುವಷ್ಟು ಎತ್ತರವಿರಲಿ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ಬಹುಶಃ ತಗ್ಗಾಗಿದೆ. ಹಿಂಭಾಗ ನೋಯುತ್ತಿದ್ದರೆ ಎತ್ತರವಾಗಿದೆ. ಭಾರದ ಗೇರಿನಲ್ಲಿ ತಿಣುಕುವುದಕ್ಕಿಂತ ಹಗುರ ಗೇರಿನಲ್ಲಿ ನಿಮಿಷಕ್ಕೆ 70–80 ಸುತ್ತು ತುಳಿಯುವುದು ಮಂಡಿಗೆ ಕ್ಷೇಮ. ಬೆರಳು ಜೋಮು ಹಿಡಿದರೆ ಅಂಗೈಯ ನರ ಒತ್ತಿದೆಯೆಂದು ತಿಳಿದು ಹಿಡಿತ ಬದಲಿಸುತ್ತಿರಬೇಕು. ಮೆತ್ತೆಯುಳ್ಳ ಚಡ್ಡಿಯೊಳಗೆ ಬೇರೆ ಒಳಉಡುಪು ಬೇಡ. ಹೊಲಿಗೆ ಉಜ್ಜಿ ಹುಣ್ಣಾಗುತ್ತದೆ. ಹೆಲ್ಮೆಟ್, ಹಿಂದಿನ ಕೆಂಪು ದೀಪ, ಹೆಚ್ಚಿನ ಟ್ಯೂಬು, ಪಂಪು ಇಲ್ಲದೆ ಹೊರಡುವಂತಿಲ್ಲ. ಮಥುರಾ ರಸ್ತೆಯಲ್ಲಿ ಎದುರು ದಿಕ್ಕಿನಿಂದ ಬರುವ ಟ್ರ್ಯಾಕ್ಟರುಗಳಿಗೆ ಕಾನೂನು ಹೇಳಹೋಗದೆ ದಾರಿ ಬಿಡುವುದು ಲೇಸು. ಇದೇ 44ನೆಯ ರಾಷ್ಟ್ರೀಯ ಹೆದ್ದಾರಿ ಮುಂದೆ ಝಾನ್ಸಿ, ನಾಗಪುರ, ಹೈದರಾಬಾದುಗಳನ್ನು ದಾಟಿ ಬೆಂಗಳೂರಿಗೆ ಹೋಗುತ್ತದೆ. ನಮಗೆ ಮಥುರೆಯಷ್ಟು ಸಾಕು.

ಹಣದ ವಿಚಾರದಲ್ಲಿ ಒಂದು ಮಾತು. ಸಂಗ್ರಹವಾದುದನ್ನು ಸವಾರರ ಖಾತೆಗೆ ಹಾಕಿಸಿಕೊಳ್ಳದೆ, ನೋಂದಾಯಿತ ಸೇವಾಸಂಸ್ಥೆಗೆ ದಾನಿಗಳೇ ನೇರವಾಗಿ ಕೊಟ್ಟು ರಸೀದಿ ಪಡೆಯುವಂತೆ ಏರ್ಪಡಿಸಿರಿ. ಸವಾರರ ಊಟ, ವಾಹನಗಳ ವೆಚ್ಚ ಸವಾರರದೇ ಆಗಿರಲಿ.

ಎರಡನೆಯ ಸಲ ನಾವು ನಸುಕಿನಲ್ಲಿ ಹೊರಟು, ಹೋಡಲ್ ಮತ್ತು ಕೋಸಿ ಕಲಾನ್‌ಗಳಲ್ಲಿ ತಂಗಿ, ಸಂಜೆಯ ಬೆಳಕಿರುವಾಗಲೇ ಮಥುರೆ ಸೇರಿದೆವು. ಹಿಂದೆ ಬರುತ್ತಿದ್ದ ಕಾರಿನಲ್ಲಿ ಕುಳಿತು, ಗಂಟೆಗೊಮ್ಮೆ ಬಾಳೆಹಣ್ಣು ಕೊಟ್ಟು, ತಿನ್ನದವರನ್ನು ಗದರಿಸುತ್ತಿದ್ದವರು ಆ ಸ್ಟೆಂಟ್ ಹಾಕಿಸಿಕೊಂಡ ಹಿರಿಯರೇ. ಬರುವ ಮಾರ್ಚಿನಲ್ಲಿ ಪಲ್ವಲ್‌ವರೆಗೆ ತುಳಿಯಲು ಅವರಿಗೂ ವೈದ್ಯರ ಅನುಮತಿ ದೊರೆತಿದೆ.