ಮತ್ತೆ ಪುಸ್ತಕ ಹಿಡಿಯೋಕೆ ಹಿಂಜರಿಕೆ ಯಾಕೆ?

‘ಈ ವಯಸ್ಸಲ್ಲಿ ಇನ್ನೇನು ಓದೋದು? ಮಗಳು ಕಾಲೇಜಿಗೆ ಹೋಗ್ತಿದ್ದಾಳೆ, ನಾನು ಎಸ್ಸೆಸ್ಸೆಲ್ಸಿ ಬರೀತೀನಿ ಅಂದ್ರೆ ಜನ ನಗಲ್ವಾ?’ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ನಮ್ಮ ಮನೆಗಳಲ್ಲಿ ಈ ಮಾತು ಹೊಸದಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಅಂಗಡಿಯಲ್ಲಿ ಕೂತವರು, ಹತ್ತನೇ ತರಗತಿಯಲ್ಲಿ ಗಣಿತ ಫೇಲಾಗಿ ಮದುವೆಯಾದವರು ನಮ್ಮ ನಡುವೆ ಬೇಕಾದಷ್ಟಿದ್ದಾರೆ. ಓದುವ ಆಸೆ ಅವರಿಗಿಲ್ಲ ಅಂತಲ್ಲ. ಆಸೆಯ ಜೊತೆಗೇ ಭಯವೂ ಇದೆ. ಆ ಭಯಗಳನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ವಯಸ್ಸು ಮೀರಿತಾ?

1989ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ರಾಷ್ಟ್ರೀಯ ಮುಕ್ತ ಶಾಲೆ (ಎನ್‌ಐಒಎಸ್) ಹತ್ತನೇ ತರಗತಿಗೆ ಕೇಳುವುದು 14 ವರ್ಷ ತುಂಬಿರಬೇಕು ಅಂತ ಮಾತ್ರ. ಮೇಲಿನ ಮಿತಿ ಇಲ್ಲ. ಐದು ವಿಷಯ ಪಾಸಾದರೆ ಸಾಕು, ಅದೂ ಒಂದೇ ಸಲಕ್ಕೆ ಅಲ್ಲ. ಒಮ್ಮೆ ಹೆಸರು ನೋಂದಾಯಿಸಿದರೆ ಐದು ವರ್ಷ, ಒಂಬತ್ತು ಅವಕಾಶ. ಪಾಸಾದ ವಿಷಯ ಹಾಗೇ ಉಳಿಯುತ್ತದೆ. ಇನ್ನು ಎಸ್ಸೆಸ್ಸೆಲ್ಸಿ ಅರ್ಧಕ್ಕೆ ನಿಂತವರಿಗೆ, ರಾಜ್ಯ ಮಂಡಳಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಸುತ್ತದೆ.

ಅಕ್ಷರವೇ ಬಾರದವರಿಗೂ ದಾರಿ ಇದೆ. 2022ರಲ್ಲಿ ಶುರುವಾದ ‘ಉಲ್ಲಾಸ್’ ಸಾಕ್ಷರತಾ ಕಾರ್ಯಕ್ರಮ 15 ವರ್ಷ ದಾಟಿದ ಎಲ್ಲರಿಗೂ ತೆರೆದಿದೆ. ಓದು, ಬರಹ, ಲೆಕ್ಕ ತಲಾ 50 ಅಂಕ, ಒಟ್ಟು 150. ಕೇರಳದ ಕಾರ್ತ್ಯಾಯಿನಿ ಅಮ್ಮ 2018ರಲ್ಲಿ ಅಲ್ಲಿನ ಸಾಕ್ಷರತಾ ಪರೀಕ್ಷೆ ಬರೆದಾಗ ವಯಸ್ಸು 96, ಬಂದ ಅಂಕ ನೂರಕ್ಕೆ 98. ನಲವತ್ತು ವರ್ಷದವರು ‘ನಂಗೆ ವಯಸ್ಸಾಯ್ತು’ ಅನ್ನುವ ಮೊದಲು ಇದನ್ನೊಮ್ಮೆ ನೆನೆಯಬೇಕು.

ಟೈಮ್ ಎಲ್ಲಿದೆ?

ಇದು ನಿಜವಾದ ಕಷ್ಟ. ಹುಣಸೂರು, ಪಿರಿಯಾಪಟ್ಟಣ ಸೀಮೆಯಲ್ಲಿ ತಂಬಾಕಿನ ಲೆಕ್ಕದಲ್ಲೇ ವರ್ಷ ಸಾಗುತ್ತದೆ. ಮಳೆಗಾಲದಲ್ಲಿ ಸೊಪ್ಪು ಮುರಿದು ಬ್ಯಾರನ್‌ನಲ್ಲಿ ಹದ ಮಾಡುವುದು, ಆಮೇಲೆ ಹರಾಜು. ಹೊಲ ಇಲ್ಲದ ನಮ್ಮ ವ್ಯಾಪಾರಿಗಳಿಗೂ ರೈತರ ಕೈಯಲ್ಲಿ ದುಡ್ಡು ಓಡಾಡುವ ಆ ತಿಂಗಳುಗಳೇ ವ್ಯಾಪಾರದ ಕಾಲ. ಮುಕ್ತ ಶಾಲೆಯ ಪರೀಕ್ಷೆ ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ ನಡೆಯುತ್ತದೆ. ಅಕ್ಟೋಬರ್ ನಮಗೆ ಆಗಿಬರುವುದಿಲ್ಲ. ಹಾಗಾಗಿ ಏಪ್ರಿಲ್‌ಗೆ ಎರಡೇ ವಿಷಯ ತೆಗೆದುಕೊಂಡು ಶುರು ಮಾಡುವುದು ಜಾಣತನ. ಐದನ್ನೂ ಒಟ್ಟಿಗೆ ಹೊತ್ತು ಸುಸ್ತಾಗಿ ಬಿಡುವುದಕ್ಕಿಂತ ಇದು ಮೇಲು.

ಮೈಸೂರಿಗೆ ಹೋಗಿಬರುವ ಖರ್ಚೂ ಒಂದು ಚಿಂತೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತವಾಗಿದೆ. ಕೋಟೆಯಿಂದಲೋ ಪಿರಿಯಾಪಟ್ಟಣದಿಂದಲೋ ಹೊರಡುವ ತಾಯಂದಿರಿಗೆ ಅಷ್ಟರಮಟ್ಟಿಗೆ ಭಾರ ಇಳಿದಿದೆ.

ಗಣಿತ ಅಂದ್ರೆ ಭಯ

ಮುಕ್ತ ಶಾಲೆಯಲ್ಲಿ ಗಣಿತ ತೆಗೆದುಕೊಳ್ಳಲೇಬೇಕು ಅಂತಿಲ್ಲ. ಗೃಹ ವಿಜ್ಞಾನ, ಸಮಾಜ ವಿಜ್ಞಾನ, ವಾಣಿಜ್ಯದಂಥ ವಿಷಯಗಳಿವೆ. ಆದರೆ ಒಂದು ಎಚ್ಚರ: ಮುಂದೆ ಸೇರಬೇಕೆಂದಿರುವ ಕೋರ್ಸಿಗೋ ಕೆಲಸಕ್ಕೋ ಗಣಿತ, ಇಂಗ್ಲಿಷ್ ಬೇಕೇ ಅಂತ ಮೊದಲೇ ಕೇಳಿಕೊಳ್ಳಿ. ಈಗ ಅಂಗನವಾಡಿ ಕಾರ್ಯಕರ್ತೆಗೆ ಪಿಯುಸಿ, ಸಹಾಯಕಿಗೆ ಎಸ್ಸೆಸ್ಸೆಲ್ಸಿ ಕೇಳುತ್ತಾರೆ. ಗುರಿ ಗೊತ್ತಿದ್ದರೆ ವಿಷಯ ಆರಿಸುವುದು ಸುಲಭ.

ಕಾಗದಪತ್ರದ ಗೋಜಲು

ಹೆಚ್ಚಿನವರು ಎಡವುವುದು ಇಲ್ಲೇ. ಶಾಲೆಯ ಟಿಸಿಯಲ್ಲಿ ‘ಫಾತಿಮಾ’, ಆಧಾರಿನಲ್ಲಿ ‘ಫಾತಿಮತ್’. ಒಂದರಲ್ಲಿ ಬಾಪನ ಹೆಸರು, ಇನ್ನೊಂದರಲ್ಲಿ ಗಂಡನ ಹೆಸರು. ಹುಟ್ಟಿದ ತಾರೀಕೂ ಬೇರೆ ಬೇರೆ. ಅರ್ಜಿ ಹಾಕುವ ಮೊದಲೇ ಇದನ್ನು ಸರಿಮಾಡಿಕೊಳ್ಳಬೇಕು. ಟಿಸಿ ಕಳೆದಿದ್ದರೆ ಹಳೇ ಶಾಲೆಗೆ ಹೋಗಿ ದಾಖಲಾತಿ ವಿವರ ಕೇಳಿ.

‘ದುಡ್ಡು ಕೊಡಿ, ಪರೀಕ್ಷೆ ಬೇಡ, ಸರ್ಟಿಫಿಕೇಟು ಮನೆಗೇ ಬರುತ್ತೆ’ ಅನ್ನುವವರನ್ನು ನಂಬಬೇಡಿ. ಮಾನ್ಯತೆ ನೋಡದೆ ಫೀಸು ಕಟ್ಟಬೇಡಿ. 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೇ ಯುಜಿಸಿ ಮಾನ್ಯತೆ ತಪ್ಪಿ, 2018ರಲ್ಲಿ ಮತ್ತೆ ಸಿಕ್ಕಿತು. ನಡುವಿನ ವರ್ಷಗಳಲ್ಲಿ ವಿದ್ಯಾರ್ಥಿಗಳು ಪಟ್ಟ ಆತಂಕ ಈ ಜಿಲ್ಲೆಯವರಿಗೆ ಗೊತ್ತೇ ಇದೆ. ಯಾವ ಕೋರ್ಸಿಗೆ ಈ ವರ್ಷ ಮಾನ್ಯತೆ ಇದೆ ಅಂತ ನೋಡಿಯೇ ಸೇರಬೇಕು.

ನಾಚಿಕೆ ಯಾರದು?

ಹರೇಕಳ ಹಾಜಬ್ಬರ ಕಥೆ ನಮ್ಮ ಸಮುದಾಯದ ಮಕ್ಕಳಿಗೆಲ್ಲ ಗೊತ್ತು. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದಾಗ ವಿದೇಶಿಯರು ಬೆಲೆ ಕೇಳಿದರೆ ಅವರಿಗೆ ಉತ್ತರ ಕೊಡಲಾಗಲಿಲ್ಲ. ಆ ನೋವಿನಿಂದಲೇ ಊರಿಗೊಂದು ಶಾಲೆ ಬಂತು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಇದರಲ್ಲಿ ದೊಡ್ಡವರಿಗೂ ಒಂದು ಮಾತಿದೆ: ಗೊತ್ತಿಲ್ಲ ಅನ್ನುವುದು ನಾಚಿಕೆಯ ವಿಷಯವಲ್ಲ, ಅದನ್ನು ಮುಚ್ಚಿಟ್ಟುಕೊಂಡು ಕೂತರೆ ನಷ್ಟ ನಮಗೇ.

ವಯಸ್ಕರ ಓದು ಈ ನೆಲಕ್ಕೆ ಹೊಸದೂ ಅಲ್ಲ. 1940ರ ದಶಕದಲ್ಲೇ ಮೈಸೂರಿನಲ್ಲಿ ವಯಸ್ಕರ ಶಿಕ್ಷಣ ಸಮಿತಿ ಕೆಲಸ ಶುರು ಮಾಡಿತ್ತು. ಹೊಸದಾಗಿ ಓದು ಕಲಿತವರಿಗೆಂದೇ ಅದು ‘ಬೆಳಕು’ ಪತ್ರಿಕೆ ತರುತ್ತಿತ್ತು.

ಮನೆಯವರು ಏನು ಮಾಡಬಹುದು?

ಓದುವವರ ಧೈರ್ಯವೊಂದೇ ಸಾಲದು. ಪರೀಕ್ಷೆಯ ತಿಂಗಳಲ್ಲಿ ಸಂಜೆಯ ಅಡುಗೆಯನ್ನು ಮನೆಯ ಬೇರೆಯವರು ವಹಿಸಿಕೊಳ್ಳಲಿ. ಕಾಲೇಜಿಗೆ ಹೋಗುವ ಮಗಳು ದಿನಕ್ಕೆ ಅರ್ಧ ಗಂಟೆ ಉಮ್ಮನ ಪಕ್ಕ ಕೂರಲಿ. ಮಕ್ಕಳ ಪಾಠ ಮುಗಿದ ಮೇಲೆ ಮದ್ರಸದ ಕೋಣೆ ಖಾಲಿ ಇರುತ್ತದೆ. ವಾರಕ್ಕೆರಡು ದಿನ ಜಮಾಅತಿನವರು ಅದನ್ನು ದೊಡ್ಡವರ ಓದಿಗೆ ಬಿಟ್ಟುಕೊಡಬಹುದು. ಊರಿನ ನಿವೃತ್ತ ಮೇಷ್ಟ್ರೊಬ್ಬರು ಒಪ್ಪಿದರೆ ಕ್ಲಾಸು ಶುರು. ಒಬ್ಬರೇ ಓದುವಾಗ ಕಾಡುವ ಸಂಕೋಚ ಐದಾರು ಜನ ಜೊತೆಗಿದ್ದರೆ ಕಾಡುವುದಿಲ್ಲ.

ಮೊದಲ ಕೆಲಸ ಬಹಳ ಸಣ್ಣದು. ಈ ವಾರ ಬೀರು ತೆಗೆದು ಹಳೇ ಟಿಸಿ ಹುಡುಕಿ. ಆಧಾರಿನ ಪಕ್ಕ ಇಟ್ಟು ಹೆಸರು, ತಾರೀಕು ಹೊಂದುತ್ತದಾ ನೋಡಿ. ಜನ ನಗ್ತಾರೋ ಇಲ್ಲವೋ ಅನ್ನೋದನ್ನ ಆಮೇಲೆ ನೋಡಿಕೊಂಡರಾಯ್ತು.